ಮುಖವಾಡದ ಒಳಮೈ: ಓದುಗರ ಪ್ರಶ್ನೆಗಳಿಗೆ ಉತ್ತರ

ಬುಡಕಟ್ಟು ಮುಖವಾಡಗಳು, ಅವನ್ನು ಕಟ್ಟಿ ಕುಣಿಯುವ ಕುಣಿತಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ವಿಷಯ ಕೇಳಿದ ಪತ್ರಗಳನ್ನು ಕೂಡಿಸಿದ್ದೇವೆ.

ಪ್ರ: ಶಾಲೆಯ ವಾರ್ಷಿಕೋತ್ಸವಕ್ಕೆ ಆರು, ಏಳನೇ ತರಗತಿ ಮಕ್ಕಳಿಂದ ಪುರುಲಿಯಾ ಛಾವು (ಪಶ್ಚಿಮ ಬಂಗಾಳದ ಮುಖವಾಡದ ಕುಣಿತ) ಮಾದರಿಯ ಕುಣಿತ ಮಾಡಿಸಬೇಕೆಂದಿದ್ದೇವೆ. ಹೊಲದ ಎರೆ ಮಣ್ಣಿನಲ್ಲಿ ಅಚ್ಚು ಮಾಡಿದೆವು, ಎರಡೇ ದಿನಕ್ಕೆ ಬಿರುಕು ಬಿಟ್ಟಿತು. ಅದರ ಮೇಲೆ ಅಂಟಿಸಿದ ಕಾಗದವೂ ಬಿಡಿಸಲು ಬರದೆ ಹರಿಯಿತು. ತಪ್ಪೆಲ್ಲಿ? (ಶಿಕ್ಷಕಿ, ಸಿಂಧನೂರು ತಾಲ್ಲೂಕು)

ಉ: ಮಣ್ಣೂ ತಪ್ಪಿದೆ, ಅಚ್ಚಿನ ಆಕಾರವೂ ತಪ್ಪಿರಬೇಕು. ಎರೆ ಮಣ್ಣು ನೀರು ಹಿಡಿದಾಗ ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿಬಿಡುವ ಆ ಗುಣವೇ ನಿಮ್ಮ ಅಚ್ಚಿನಲ್ಲೂ ಕಂಡದ್ದು. ಕುಂಬಾರರ ಹತ್ತಿರ ಹದ ಮಾಡಿಟ್ಟ ಮಣ್ಣು ಕೇಳಿ ತನ್ನಿ. ಒಂದು ಅಚ್ಚಿಗೆ ನಾಲ್ಕೈದು ಕಿಲೋ ಸಾಕು. ಒಳಗಿನ ಗುಪ್ಪೆಗೆ ಭತ್ತದ ಹೊಟ್ಟು ಬೆರೆಸಿ (ಕಾಲುವೆ ನೀರಿನ ನಿಮ್ಮ ಕಡೆ ಅದಕ್ಕೇನೂ ಬರವಿಲ್ಲ), ಮೇಲಿನ ಒಂದು ಬೆರಳು ದಪ್ಪವನ್ನು ಮಾತ್ರ ನುಣ್ಣನೆಯ ಮಣ್ಣಿನಲ್ಲಿ ತಿದ್ದಿ. ನೆರಳಲ್ಲೇ ಒಣಗಿಸಿ. ಅಗಲ ಮಗುವಿನ ಮುಖಕ್ಕಿಂತ ಎರಡೂ ಕಡೆ ಒಂದೊಂದು ಬೆರಳು ಹೆಚ್ಚಿರಲಿ.

ಕಾಗದ ಬಿಡದಿರಲು ಎರಡು ಕಾರಣ ಇರುತ್ತವೆ. ಮೊದಲನೆಯದು ಬೂದಿ ಹಾಕದಿರುವುದು. ಪುರುಲಿಯಾ ಜಿಲ್ಲೆಯ ಚರಿದಾ ಊರಿನಲ್ಲಿ ಸೂತ್ರಧಾರ ಮನೆತನದವರು ಮಣ್ಣಿನ ಮುಖದ ಮೇಲೆ ಸಣ್ಣ ಬೂದಿ ಉದುರಿಸಿಯೇ ಕಾಗದ ಹಚ್ಚುತ್ತಾರೆ. ಕಟ್ಟಿಗೆ ಬೂದಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಕೈಯಲ್ಲಿ ಸವರಿ, ಹೆಚ್ಚಾದದ್ದನ್ನು ಊದಿ ತೆಗೆಯಿರಿ. ಎರಡನೆಯದು ಒಳಕ್ಕೆ ತಿರುಗಿದ ಅಂಚು. ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಬುಡದಲ್ಲಿ, ಕಿವಿಯ ಹಿಂದೆ ಅಚ್ಚು ಒಳಸರಿದಿದ್ದರೆ ಗಟ್ಟಿಯಾದ ಕಾಗದ ಅಲ್ಲಿ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ. ಅಂಥ ಜಾಗಗಳನ್ನು ಇಳಿಜಾರಾಗಿಸಿ. ಕಿವಿ, ಕಿರೀಟ ಆಮೇಲೆ ಬೇರೆಯಾಗಿ ಅಂಟಿಸಿದರಾಯಿತು.

ಚರಿದಾದಲ್ಲಿ ಎಂಟರಿಂದ ಹತ್ತು ಪದರ ಕಾಗದ ಹಾಕುತ್ತಾರೆ. ಅದರ ಮೇಲೆ ಮಣ್ಣು ಮತ್ತು ಬಟ್ಟೆಯ ಲೇಪ ಕೊಟ್ಟು, ಮರದ ಸಣ್ಣ ಹತ್ಯಾರದಿಂದ ತಿಕ್ಕಿ ನುಣುಪು ಮಾಡಿ ಬಿಸಿಲಿಗಿಡುತ್ತಾರೆ. ಮಕ್ಕಳಿಗೆ ಆರು ಪದರ ಸಾಕು, ಮಣ್ಣಿನ ಲೇಪ ಬೇಡ, ಕೊನೆಗೆ ಒಂದು ಪದರ ಹಳೆಯ ಮೆತ್ತನೆಯ ಪಂಚೆ ಬಟ್ಟೆ ಹಾಕಿ. 100 ಗ್ರಾಂ ಮೈದಾಕ್ಕೆ ಅರ್ಧ ಲೀಟರ್ ನೀರು ಹಾಕಿ ಕಾಸಿದ ಅಂಟು ಮೂರ್ನಾಲ್ಕು ಮುಖಕ್ಕೆ ಒಂದು ದಿನದ ಕೆಲಸ ತೂಗುತ್ತದೆ. ನಿನ್ನೆಯ ಅಂಟು ಹುಳಿ ವಾಸನೆ ಬಂದರೆ ಚೆಲ್ಲಿ. ಕಾಗದವನ್ನು ಕತ್ತರಿಸದೆ ಎರಡಿಂಚಿನ ತುಂಡಾಗಿ ಹರಿಯಿರಿ. ಹರಿದ ಅಂಚು ಗೆರೆ ಮೂಡಿಸುವುದಿಲ್ಲ. ಒಂದು ಪದರ ಪತ್ರಿಕೆ ಕಾಗದ, ಮೇಲಿನದು ನೋಟ್‌ಬುಕ್ಕಿನ ಬಿಳಿ ಹಾಳೆ, ಹೀಗೆ ಬದಲಾಯಿಸಿದರೆ ಲೆಕ್ಕ ತಪ್ಪದು, ಎಲ್ಲಿ ತೆಳುವಾಗಿದೆ ಎಂಬುದೂ ಕಾಣುತ್ತದೆ. ದಿನಕ್ಕೆ ಮೂರು ಪದರಕ್ಕಿಂತ ಹೆಚ್ಚು ಹಾಕಿದರೆ ಒಳಗೆ ಹಸಿ ಉಳಿದು ಬೂಸ್ಟು ಹಿಡಿಯುತ್ತದೆ.

ಪೂರ್ತಿ ಒಣಗುವ ಮುನ್ನವೇ, ಹೊರಮೈ ಟಣಕ್ ಎನ್ನುವಂತಾಗಿ ಒಳಗೆ ತುಸು ತಂಪಿರುವಾಗ ಅಚ್ಚಿನಿಂದ ಬಿಡಿಸಿ. ಕೂಡಲೇ ಒಳಗೆ ಕಾಗದದ ಉಂಡೆ ತುಂಬಿಡಿ, ಇಲ್ಲದಿದ್ದರೆ ಅಂಚು ಒಳಕ್ಕೆ ಸುರುಳುತ್ತದೆ. ಮರುದಿನ ಅಂಚು ಕತ್ತರಿಸಿ ಅದರ ಸುತ್ತ ಬಟ್ಟೆಯ ಪಟ್ಟಿ ಅಂಟಿಸಿ. ಹರಿಯುವುದು ಯಾವಾಗಲೂ ಅಂಚಿನಿಂದಲೇ.

ಬಣ್ಣಕ್ಕಿಂತ ಹೆಚ್ಚು ಹೊತ್ತು ಒಳಮೈಗೆ ಕೊಡಿ. ಬರೆದ ಕಣ್ಣಿನ ಪಾಪೆಯಲ್ಲಿ ತೂತು ಮಾಡಿದರೆ ಎದುರಿನದು ಮಾತ್ರ ಕಾಣುತ್ತದೆ. ಕೆಳಗಿನ ರೆಪ್ಪೆಯ ಗೆರೆಯ ಉದ್ದಕ್ಕೂ ಅರ್ಧ ಬೆರಳಗಲ ಸೀಳು ಬಿಟ್ಟರೆ ಎರಡು ಹೆಜ್ಜೆ ಮುಂದಿನ ನೆಲವೂ ಕಂಡೀತು. ನೆಲ ಕಾಣದ ಮಗುವನ್ನು ವೇದಿಕೆಗೆ ಹತ್ತಿಸಬೇಡಿ. ಮೂಗಿನ ಹೊಳ್ಳೆ, ತುಟಿಗಳ ನಡುವೆ ಗಾಳಿಗೆ ದಾರಿ ಇರಲಿ. ಹಣೆಗೊಂದು, ಕೆನ್ನೆಗೆ ಎರಡು ಸ್ಪಂಜಿನ ತುಂಡು, ಒಂದು ಸೆಂಟಿಮೀಟರ್ ದಪ್ಪದವು, ಅಂಟಿಸಿದರೆ ಮುಖಕ್ಕೂ ಮುಖವಾಡಕ್ಕೂ ನಡುವೆ ಉಸಿರಾಡುವಷ್ಟು ಜಾಗ ಸಿಗುತ್ತದೆ. ಎಲಾಸ್ಟಿಕ್ ಬೆವರಿಗೆ ಸಡಿಲಾಗುವುದರಿಂದ ಹತ್ತಿಯ ಲಾಡಿಯನ್ನು ಎರಡು ಕಿವಿಯ ಮೇಲೆ, ಒಂದು ನೆತ್ತಿಯ ಮೇಲೆ ಹಾಯಿಸಿ ತಲೆಯ ಹಿಂದೆ ಕಟ್ಟಿ. ಗಂಟಲಿನ ಕೆಳಗೆ ಗಂಟು ಹಾಕಲೇಬೇಡಿ. ತೂಕ 300 ಗ್ರಾಂ ದಾಟಬಾರದು. ನಮ್ಮ ಸೆಕೆಯಲ್ಲಿ ಐದು ನಿಮಿಷದ ಕುಣಿತ ಸಾಕು. ಪುರುಲಿಯಾದ ಕಲಾವಿದರ ಲಾಗ, ಮೊಣಕಾಲಿನ ಮೇಲೆ ಬೀಳುವ ಜಿಗಿತ ಮಕ್ಕಳಿಗೆ ಹೇಳಿಕೊಡಬೇಡಿ.

ಬಣ್ಣಕ್ಕೆ ಪೋಸ್ಟರ್ ಕಲರ್ ಸಾಕು. ಹಳಬರು ಹೇಳುವ ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ ಇರುತ್ತದೆ. ಬೆವರುವ ಮುಖದ ಹತ್ತಿರ ಅವುಗಳಿಗೆ ಜಾಗವಿಲ್ಲ.

ಪ್ರ: ಛಾವು ಮೂರು ಬಗೆ ಎನ್ನುತ್ತಾರೆ. ಒಂದರಲ್ಲಿ ಮುಖವಾಡವೇ ಇಲ್ಲವಂತೆ. ಇದು ನಿಜಕ್ಕೂ ಬುಡಕಟ್ಟು ಕುಣಿತವೇ? (ಪದವಿ ವಿದ್ಯಾರ್ಥಿ, ಬಳ್ಳಾರಿ)

ಉ: ಪಶ್ಚಿಮ ಬಂಗಾಳದ ಪುರುಲಿಯಾ ಮತ್ತು ಜಾರ್ಖಂಡಿನ ಸರಾಯ್‌ಕೆಲಾ ಛಾವುಗಳಲ್ಲಿ ಮುಖವಾಡವಿದೆ, ಒಡಿಶಾದ ಮಯೂರ್‌ಭಂಜ್ ಛಾವುವಿನಲ್ಲಿ ಇಲ್ಲ. ಮೂರನ್ನೂ ಒಟ್ಟಿಗೆ 2010ರಲ್ಲಿ ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ವ್ಯತ್ಯಾಸ ಮುಖವಾಡದ ಇದ್ದು–ಇಲ್ಲದಿರುವಿಕೆಯಲ್ಲಿ ಮುಗಿಯುವುದಿಲ್ಲ. ಪುರುಲಿಯಾದ ಮುಖವಾಡ ದೊಡ್ಡದು, ಸುತ್ತ ಮಣಿ, ಜರಿ, ಗರಿಗಳ ಪ್ರಭಾವಳಿ. ದೂರದಿಂದ, ರಾತ್ರಿ ಬಯಲಿನಲ್ಲಿ, ಮಹಿಷಾಸುರ ಯಾರು, ಕಾರ್ತಿಕೇಯ ಯಾರು ಎಂದು ಗೊತ್ತಾಗಬೇಕಲ್ಲ. ಢೋಲು, ಧಮ್ಸಾ ಎಂಬ ದೊಡ್ಡ ನಗಾರಿ, ಶಹನಾಯಿಗಳ ಅಬ್ಬರಕ್ಕೆ ತಕ್ಕ ಜಿಗಿತ. ಸರಾಯ್‌ಕೆಲಾದ್ದು ಮುಖದಷ್ಟೇ ಅಳತೆಯದು, ತಿಳಿ ಬಣ್ಣ, ಅರೆಮುಚ್ಚಿದ ಕಣ್ಣು. ಖರ್ಕಾಯ್ ನದಿಯ ಮಣ್ಣಿನ ಅಚ್ಚಿನ ಮೇಲೆ ತೆಳು ಬಟ್ಟೆ, ಕಾಗದ ಹಾಸಿ ಅದನ್ನು ಮಾಡುತ್ತಾರೆ. ಉಸಿರಾಟಕ್ಕೆ ಆಸ್ಪದ ಕಡಿಮೆ, ಹೀಗಾಗಿ ಒಂದೊಂದು ಕುಣಿತವೂ ಕೆಲವೇ ನಿಮಿಷದ್ದು. ನವಿಲು, ರಾತ್ರಿ, ಅಂಬಿಗ ಇಂಥ ವಸ್ತುಗಳು. ಮುಖ ಕದಲದಿರುವಾಗ ಕತ್ತಿನ ಒಂದು ಓರೆ, ಭುಜದ ಒಂದು ಇಳಿತವೇ ಭಾವ ಹೇಳಬೇಕು. ಒಂದೇ ಮುಖವಾಡ ತಲೆ ತಗ್ಗಿಸಿದರೆ ದುಃಖಿತ, ಎತ್ತಿದರೆ ನಗುವಂತೆ ಕಾಣುವುದು ಬೆಳಕು ಬೀಳುವ ಕೋನದಿಂದ. ಮಯೂರ್‌ಭಂಜದ ಕುಣಿತಗಾರರು ಬರಿಮುಖದಲ್ಲಿದ್ದೂ ಮುಖವನ್ನು ಹೆಚ್ಚುಕಡಿಮೆ ಮುಖವಾಡದಷ್ಟೇ ಸ್ತಬ್ಧವಾಗಿಡುತ್ತಾರೆ.

ಬುಡಕಟ್ಟೇ ಎಂಬ ಪ್ರಶ್ನೆಗೆ ಹೌದು, ಇಲ್ಲ ಎನ್ನುವ ಉತ್ತರ ಸಲ್ಲದು. ಪುರುಲಿಯಾದಲ್ಲಿ ಕುಣಿಯುವವರಲ್ಲಿ ಭೂಮಿಜ, ಮುಂಡಾ ಸಮುದಾಯದವರೂ ಇದ್ದಾರೆ, ಕುರ್ಮಿ ಮಹತೊಗಳೂ ಇದ್ದಾರೆ. ಮುಖವಾಡ ಮಾಡುವ ಸೂತ್ರಧಾರರು ಬುಡಕಟ್ಟಿನವರಲ್ಲ. ಕಥೆ ಪುರಾಣದ್ದು. ಸರಾಯ್‌ಕೆಲಾ ಬೆಳೆದದ್ದು ಅರಮನೆಯ ಆಶ್ರಯದಲ್ಲಿ. ಅಂಗಡಿಗಳಲ್ಲಿ ‘ಟ್ರೈಬಲ್ ಮಾಸ್ಕ್’ ಎಂಬ ಚೀಟಿ ಅಂಟಿಸಿ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವುದು ಮಾರುವವರ ಅನುಕೂಲಕ್ಕೆ. ಪುರುಲಿಯಾ ಛಾವು ಮುಖವಾಡಕ್ಕೆ ಭೌಗೋಳಿಕ ಸೂಚಕ ಸಿಕ್ಕಿದೆ. ಚರಿದಾದ ಮುಖವಾಡ ಕಲಾವಿದ ನೇಪಾಲ್ ಚಂದ್ರ ಸೂತ್ರಧಾರ್ ಅವರಿಗೆ 2024ರಲ್ಲಿ ಮರಣೋತ್ತರವಾಗಿ ಪದ್ಮಶ್ರೀ ಬಂತು.

ಪ್ರ: ಹಿತ್ತಲಲ್ಲಿ ದೊಡ್ಡ ಸೋರೆ ಬುರುಡೆಗಳಿವೆ. ಬಸ್ತಾರಿನಲ್ಲಿ ಸೋರೆಯ ಮುಖವಾಡ ಮಾಡುತ್ತಾರೆಂದು ಓದಿದೆ. ನಾವೂ ಮಾಡಬಹುದೇ? (ರೈತ, ಕುಷ್ಟಗಿ)

ಉ: ಮಾಡಬಹುದು, ಅವಸರ ಮಾಡದಿದ್ದರೆ. ಛತ್ತೀಸಗಢದ ಬಸ್ತಾರಿನ ಮುರಿಯಾ ಬುಡಕಟ್ಟಿನ ಹುಡುಗರು ಛೇರ್‌ಛೇರಾ ಸುಗ್ಗಿ ಹಬ್ಬದಲ್ಲಿ ಇಂಥ ಮುಖ ಕಟ್ಟಿ ಮನೆಮನೆಗೆ ಹೋಗಿ ಧಾನ್ಯ ಬೇಡುತ್ತಾರೆ. ನಮ್ಮ ಬನದ ಹುಣ್ಣಿಮೆಯ ದಿನವೇ ಅಲ್ಲಿ ಆ ಹಬ್ಬ. ಇವು ಗಂಭೀರ ದೇವರ ಮುಖಗಳಲ್ಲ. ಸೊಟ್ಟ ಬಾಯಿ, ಕೂದಲಿನ ಗಡ್ಡದ ನಕಲಿ ಮುಖಗಳು, ನಗಿಸಲೆಂದೇ ಮಾಡಿದವು.

ಬುರುಡೆಯ ತೊಟ್ಟು ಕಂದಾಗಿ ಒಣಗುವವರೆಗೆ ಬಳ್ಳಿಯಲ್ಲೇ ಬಿಡಿ. ಎಳೆಯದನ್ನು ಕಿತ್ತರೆ ಮುದುಡಿ ಕೊಳೆಯುತ್ತದೆ. ಎರಡು ಬೆರಳು ತೊಟ್ಟು ಉಳಿಸಿ ಕತ್ತರಿಸಿ, ಗಾಳಿಯಾಡುವ ನೆರಳಲ್ಲಿ ನೇತುಹಾಕಿ. ಎರಡು ಮೂರು ತಿಂಗಳು ಬೇಕು. ಅಲ್ಲಾಡಿಸಿದಾಗ ಬೀಜ ಗಲಗಲ ಎಂದರೆ ಆಯಿತು. ಮೇಲೆ ಬೂಸ್ಟು ಕಂಡರೆ ಹೆದರಬೇಕಿಲ್ಲ, ಮೆತ್ತಗಾದದ್ದನ್ನು ಮಾತ್ರ ಎಸೆಯಿರಿ. ಬೇಗ ಒಣಗಲೆಂದು ಏಪ್ರಿಲ್ ಬಿಸಿಲಿಗಿಟ್ಟರೆ ಸೀಳುತ್ತದೆ.

ಒದ್ದೆ ಗೋಣಿಯಲ್ಲಿ ಒಂದು ರಾತ್ರಿ ಸುತ್ತಿಟ್ಟು ಮೇಲಿನ ಸಿಪ್ಪೆ ಕೆರೆಯಿರಿ. ಪೆನ್ಸಿಲಿನಲ್ಲಿ ಉದ್ದುದ್ದ ಗೆರೆ ಎಳೆದು, ಸಣ್ಣ ಹಲ್ಲಿನ ಗರಗಸದಿಂದ ಎರಡು ಹೋಳು ಮಾಡಿ. ಚಾಕು ಬಳಸಿದರೆ ಗೆರೆ ಬಿಟ್ಟು ಬಿರುಕು ಓಡುತ್ತದೆ. ಒಳಗಿನ ಒಣ ತಿರುಳು ಕೆರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಕಹಿ, ಕೆಮ್ಮು ತರಿಸುತ್ತದೆ. ಕಣ್ಣು, ಬಾಯಿಗೆ ಮೊದಲು ಕಾಸಿದ ಕಬ್ಬಿಣದ ಸಲಾಕೆಯಿಂದ ತೂತು ಹಾಕಿ, ಅಲ್ಲಿಂದ ಅರದಿಂದ ಅಗಲ ಮಾಡಿ. ಗಡ್ಡಮೀಸೆಗೆ ಕುರಿಯ ಕಪ್ಪು ಉಣ್ಣೆ ನಿಮ್ಮ ಕಡೆ ಸಿಗುತ್ತದೆ. ಸಣ್ಣ ತೂತುಗಳ ಸಾಲಿನಲ್ಲಿ ದಾರದಿಂದ ಹೊಲಿದರೆ ಅಂಟಿಸಿದ್ದಕ್ಕಿಂತ ಬಾಳಿಕೆ.

ಪ್ರ: ಕಿನ್ನಾಳದ ಗೊಂಬೆ ಮಾಡುವ ವಿಧಾನದಲ್ಲಿ ಕುಣಿತದ ಮುಖವಾಡ ಮಾಡಲು ಬರುವುದೇ? (ಕಲಾ ಶಿಕ್ಷಕ, ಕೊಪ್ಪಳ)

ಉ: ಬರುತ್ತದೆ, ಆದರೆ ಗೊಂಬೆಗೆ ಒಪ್ಪಿದ್ದೆಲ್ಲ ಬೆವರುವ ಮುಖಕ್ಕೆ ಒಪ್ಪುವುದಿಲ್ಲ. ಕಿನ್ನಾಳದ ಚಿತ್ರಗಾರರು ಹಗುರವಾದ ಪೊಳಕಿ ಕಟ್ಟಿಗೆ ಕೆತ್ತಿ, ಬಿಡಿ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಸೀಳಿ, ಒಣಗಿಸಿ, ಪುಡಿ ಮಾಡಿ ಅದೇ ಅಂಟಿನಲ್ಲಿ ಕಲಸಿದ್ದೇ ಕಿಟ್ಟ. ಇದನ್ನು ಮೈಗೆಲ್ಲ ಮೆತ್ತಿ ಸಂದು ಮುಚ್ಚುತ್ತಾರೆ. ಒಡವೆ, ಅಂಚುಗಳ ಉಬ್ಬುಗೆಲಸಕ್ಕೆ ಬೆಣಚು ಕಲ್ಲಿನ ಪುಡಿ ಮತ್ತು ಅಂಟಿನ ಪಾಕ. ಅದರ ಮೇಲೆ ಬಿಳಿ, ಆಮೇಲೆ ಬಣ್ಣ. ಚಿನ್ನದ ಹೊಳಪಿಗೆ ತವರದಿಂದ ಮಾಡುವ ಲಾಜವರ.

ಮುಖವಾಡಕ್ಕೆ ಇದನ್ನು ಒಗ್ಗಿಸಲು ಮೂರು ಬದಲಾವಣೆ ಬೇಕು. ಕಟ್ಟಿಗೆಯನ್ನು ಒಳಗಿನಿಂದ ಕಿರುಬೆರಳಿನ ದಪ್ಪ ಉಳಿಯುವಷ್ಟು ತೋಡಿ. ಹಣೆ, ಗದ್ದ ಇನ್ನೂ ತೆಳುವಾದರೂ ನಡೆದೀತು, ಮೂಗಿನ ಬುಡ ಮಾತ್ರ ದಪ್ಪವಿರಲಿ, ಬಿದ್ದರೆ ಒಡೆಯುವುದು ಅಲ್ಲೇ. ಕಿಟ್ಟ ಹೊರಗೆ ಮಾತ್ರ ಇರಲಿ. ಹುಣಸೆ ಅಂಟು ನೀರಿಗೆ ಕರಗುವಂಥದ್ದು, ಒಳಗೆ ಹಚ್ಚಿದರೆ ಒಂದೇ ಪ್ರದರ್ಶನದ ಬೆವರಿಗೆ ಜಿಗುಟಾಗಿ ಏಳುತ್ತದೆ. ಒಳಮೈಗೆ ಎರಡು ಕೋಟ್ ವಾರ್ನಿಷ್ ಕೊಟ್ಟು, ವಾಸನೆ ಪೂರ್ತಿ ಹೋಗುವವರೆಗೆ ವಾರವಿಡೀ ಗಾಳಿಗಿಡಿ. ಮೂರನೆಯದಾಗಿ, ಕಲ್ಲುಪುಡಿಯ ಉಬ್ಬುಗೆಲಸ ಜಿಗಿಯುವಾಗ ಉದುರುತ್ತದೆ. ಕುಣಿಯುವ ಮುಖಕ್ಕೆ ಬಣ್ಣದಲ್ಲೇ ಒಡವೆ ಬರೆಯಿರಿ.

ಹುಣಸೆ ಅಂಟಿಗೆ: ಬೀಜ ಹುರಿದು ಕೆಂಪು ಸಿಪ್ಪೆ ಬಿಡಿಸಿ, ರಾತ್ರಿಯೆಲ್ಲ ನೆನೆಸಿ, ನುಣ್ಣಗೆ ರುಬ್ಬಿ, ಹತ್ತರಷ್ಟು ನೀರಿನಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಕಾಸಿ. ಬಿಳಿಚು ಹೋಗಿ ಗಂಜಿಯಂತೆ ತಿಳಿಯಾದಾಗ ಇಳಿಸಿ. ಹುಳು ಬಾರದಿರಲೆಂದು ಕೆಲವರು ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮುಖವಾಡದ ಅಂಟಿಗೆ ಬೇಡ.

ಪ್ರ: ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ನಾಯಕ ಸಮುದಾಯ ದೊಡ್ಡದು, ಲಂಬಾಣಿ ತಾಂಡಾಗಳೂ ಇವೆ. ಆದರೂ ಮುಖವಾಡದ ಕುಣಿತ ಕಾಣುವುದಿಲ್ಲವೇಕೆ? (ಮಸ್ಕಿ ಮತ್ತು ಕಂಪ್ಲಿಯಿಂದ ಇಬ್ಬರು)

ಉ: ಈ ಭಾಗದ ವೇಷ ಬಹುಮಟ್ಟಿಗೆ ಬಣ್ಣದ ವೇಷ. ದೊಡ್ಡಾಟದಲ್ಲಾಗಲಿ, ಹಗಲುವೇಷದಲ್ಲಾಗಲಿ ಪಾತ್ರಧಾರಿಯೇ ಹಾಡಬೇಕು, ಮಾತು ಒಪ್ಪಿಸಬೇಕು. ಮುಖವಾಡ ಕಟ್ಟಿದರೆ ದನಿ ಒಳಗೇ ಗುಂಯ್‌ಗುಡುತ್ತದೆ, ನಾಲ್ಕನೇ ಸಾಲಿಗೆ ಮಾತು ಮುಟ್ಟದು. ಪುರುಲಿಯಾದಲ್ಲಿ ಕುಣಿಯುವವರು ಮಾತಾಡುವುದಿಲ್ಲ, ಹಾಡು ಹಿಮ್ಮೇಳದ್ದು. ಹೀಗಾಗಿ ಅಲ್ಲಿ ಮುಖ ಮುಚ್ಚಿದರೂ ನಡೆಯುತ್ತದೆ. ಇದೊಂದೇ ಕಾರಣ ಎಂದು ನಾವು ಹೇಳುವುದಿಲ್ಲ, ಆದರೆ ಕಣ್ಣಿಗೆ ಕಾಣುವ ಕಾರಣ ಇದು. ಲಂಬಾಣಿ ಹೆಣ್ಣುಮಕ್ಕಳ ಕುಣಿತದಲ್ಲಿ ಕನ್ನಡಿ, ಕವಡೆ, ಕಸೂತಿಯ ಉಡುಪೇ ಎದ್ದು ಕಾಣುವುದು. ಮೊಹರಂನಲ್ಲಿ ಹುಲಿವೇಷ ಹಾಕುವವರೂ ಮೈಗೆಲ್ಲ ಬಣ್ಣ ಬಳಿದುಕೊಳ್ಳುತ್ತಾರೆ. ಇಲ್ಲಿ ಇನ್ನೊಂದು ದಾರಿ ಹಿಡಿದವರು ತೊಗಲುಗೊಂಬೆಯವರು. ಅವರಲ್ಲಿ ಪಾತ್ರದ ಮುಖ ಆಡಿಸುವವರ ಮುಖದ ಮೇಲೆ ಇರದೆ ಪರದೆಯ ಮೇಲೆ ಇರುತ್ತದೆ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿದೆ.

ಕನ್ನಡ ನಾಡಿನಲ್ಲಿ ಮುಖವಾಡ ನೋಡಬೇಕಾದರೆ ದಕ್ಷಿಣಕ್ಕೆ ಹೋಗಬೇಕು. ಹಳೇ ಮೈಸೂರು ಕಡೆ ಗ್ರಾಮದೇವತೆಯ ಮುಂದೆ ಕುಣಿಯುವ ಸೋಮಗಳು ಮರದ ದೊಡ್ಡ ಮುಖಗಳು. ಅದು ಬುಡಕಟ್ಟಿನ ಆಚರಣೆಯಲ್ಲ. ಕೊಡಗಿನ ದೇವರಪುರದಲ್ಲಿ ಜೇನುಕುರುಬ ಮತ್ತಿತರ ಸಮುದಾಯಗಳು ನಡೆಸುವ ಕುಂಡೆ ಹಬ್ಬದಲ್ಲಿ ವಿಚಿತ್ರ ವೇಷ ತೊಟ್ಟು, ಸೋರೆ ಬುರುಡೆ, ಡಬ್ಬ ಬಡಿಯುತ್ತ ದೇವರನ್ನೇ ಬೈಯುತ್ತಾರೆ.

ಪ್ರ: ತೆಲಂಗಾಣದ ಗುಸ್ಸಾಡಿ ಮುಖವಾಡದ ಕುಣಿತವೇ? ಅಂಥ ಕಿರೀಟಕ್ಕೆ ನವಿಲುಗರಿ, ಕೊಂಬು ಬಳಸಿದರೆ ಕಾನೂನಿನ ತೊಂದರೆ ಇದೆಯೇ? (ಯುವಕ ಸಂಘ, ರಾಯಚೂರು)

ಉ: ಮುಖವಾಡವಲ್ಲ, ಆದರೆ ಕೆಲಸ ಅದರದ್ದೇ. ಅದಿಲಾಬಾದಿನ ರಾಜಗೊಂಡರು ದೀಪಾವಳಿಯ ಆಸುಪಾಸಿನ ದಂಡಾರಿ ಹಬ್ಬದಲ್ಲಿ ನವಿಲುಗರಿಯ ಭಾರೀ ಕಿರೀಟ, ಕೃತಕ ಗಡ್ಡ ತೊಟ್ಟು, ಮೈಗೆ ಬೂದಿ ಬಳಿದು, ಆಡಿನ ಚರ್ಮ ಹಾಕಿಕೊಂಡು ಕುಣಿಯುತ್ತಾರೆ. ವೇಷ ತೊಟ್ಟಷ್ಟು ದಿನ ಅವರನ್ನು ದೇವರ ಆಳಾಗಿಯೇ ಕಾಣುತ್ತಾರೆ. ಗುಸ್ಸಾಡಿಯ ಕನಕರಾಜು ಅವರಿಗೆ 2021ರಲ್ಲಿ ಪದ್ಮಶ್ರೀ ದೊರೆತಿತ್ತು.

ತಾನಾಗಿ ಉದುರಿದ ನವಿಲುಗರಿಯನ್ನು ದೇಶದೊಳಗೆ ಇಟ್ಟುಕೊಳ್ಳಲು, ಮಾರಲು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಡ್ಡಿಯಿಲ್ಲ; ಹೊರದೇಶಕ್ಕೆ ಕಳಿಸುವಂತಿಲ್ಲ. ಕಿತ್ತ ಗರಿಯ ಬುಡದಲ್ಲಿ ರಕ್ತ, ಮಾಂಸದ ಗುರುತಿರುತ್ತದೆ, ಅಂಥದ್ದು ಮುಟ್ಟಬೇಡಿ. ಜಿಂಕೆ, ಕಾಡೆಮ್ಮೆಯ ಕೊಂಬು ಕಾಡಿನಲ್ಲಿ ಬಿದ್ದು ಸಿಕ್ಕಿದ್ದಾದರೂ ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ. ನಿಮ್ಮ ಸಂಘಕ್ಕೆ ಆಡಿನ ಕೊಂಬು, ಇಲ್ಲವೇ ಕಾಗದದ ಕೊಂಬು ಸಾಕು.

ಪ್ರ: ಪ್ರವಾಸದಲ್ಲಿ ತಂದ ಮರದ ಮುಖವಾಡದಿಂದ ಹಿಟ್ಟಿನಂಥ ಪುಡಿ ಉದುರುತ್ತಿದೆ. ಸೀಮೆಎಣ್ಣೆ ಹಾಕಲೇ? (ಗೃಹಿಣಿ, ಗಂಗಾವತಿ)

ಉ: ಬೇಡ. ಸೀಮೆಎಣ್ಣೆ ಬಣ್ಣ ಎಬ್ಬಿಸುತ್ತದೆ, ಒಳಗಿನ ಮರಿಹುಳಕ್ಕೆ ಮುಟ್ಟುವುದೂ ಇಲ್ಲ. ಬಿಸಿಲಿಗಿಟ್ಟರೆ ಮರ ಸೀಳುತ್ತದೆ. ಪುಡಿ ಒರೆಸಿ, ತೂತುಗಳ ಸುತ್ತ ಪೆನ್ಸಿಲಿನಲ್ಲಿ ಗುರುತು ಹಾಕಿ, ಕಪ್ಪು ಕಾಗದದ ಮೇಲೆ ವಾರ ಇಡಿ. ಹೊಸ ಪುಡಿ ಬಿದ್ದರೆ ಹುಳು ಬದುಕಿದೆ. ಆಗ ಮುಖವಾಡಕ್ಕೆ ಹತ್ತಿಬಟ್ಟೆ ಸುತ್ತಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಪರಿಚಯದ ಐಸ್‌ಕ್ರೀಮ್ ಅಂಗಡಿಯವರನ್ನು ಕೇಳಬಹುದು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆ ಮರದ ಮೇಲೆ ನೀರು ಕೂತು ಬಣ್ಣ ಗುಳ್ಳೆಯೇಳುತ್ತದೆ. ಬಣ್ಣ ಈಗಾಗಲೇ ಹಕ್ಕಳೆ ಏಳುತ್ತಿದ್ದರೆ ಅಥವಾ ಮುಖವಾಡ ತುಂಬ ಹಳೆಯದಾಗಿದ್ದರೆ ಈ ಕೆಲಸ ಮನೆಯಲ್ಲಿ ಬೇಡ. ಕಾಗದದ ಮುಖವಾಡವಾದರೆ ಹುಳಕ್ಕಿಂತ ಇಲಿ, ಜಿರಳೆಯ ಕಾಟ ಹೆಚ್ಚು. ಹಿಟ್ಟಿನ ಅಂಟು ಅವಕ್ಕೆ ಊಟ.

ಪ್ರ: ತುಳುನಾಡಿನ ಪಂಜುರ್ಲಿ ದೈವದ ಹಿತ್ತಾಳೆ ಮೊಗ ಮನೆಯ ಹಾಲ್‌ನಲ್ಲಿ ತೂಗುಹಾಕಬಹುದೇ? (ಸಿರುಗುಪ್ಪ)

ಉ: ಅಂಗಡಿಯಲ್ಲಿ ಮಾರಲೆಂದೇ ಮಾಡಿದ್ದಾದರೆ ಹಾಕಿಕೊಳ್ಳಿ. ದೈವದ ನಿಜವಾದ ಮೊಗ ಭಂಡಾರದಲ್ಲಿರುತ್ತದೆ, ಕೋಲ, ನೇಮ ಎಂಬ ದೈವಾರಾಧನೆಗಳಲ್ಲಿ ಮಾತ್ರ ಹೊರಬರುತ್ತದೆ. ‘ಹಳೆಯದು, ಅಸಲಿ’ ಎಂದು ಯಾರಾದರೂ ಮಾರಲು ಬಂದರೆ ಅದು ಕದ್ದ ಮಾಲಿರಬಹುದು. ನೂರು ವರ್ಷ ದಾಟಿದ್ದಾದರೆ ಪುರಾವಸ್ತು ಕಾಯ್ದೆಯೂ ಅನ್ವಯಿಸುತ್ತದೆ.

ಪ್ರ: ಇವನ್ನೆಲ್ಲ ಎಲ್ಲಿ ನೋಡಬಹುದು? (ಹಲವರು)

ಉ: ನಿಮಗೆ ಹತ್ತಿರದ್ದು ಹೈದರಾಬಾದಿನ ಮಾಸಾಬ್ ಟ್ಯಾಂಕ್‌ನಲ್ಲಿರುವ ನೆಹರೂ ಶತಮಾನೋತ್ಸವ ಬುಡಕಟ್ಟು ವಸ್ತುಸಂಗ್ರಹಾಲಯ. ಮಧ್ಯ ಭಾರತದ ಬುಡಕಟ್ಟುಗಳಿಗೆ ಭೋಪಾಲದ ಬುಡಕಟ್ಟು ವಸ್ತುಸಂಗ್ರಹಾಲಯವೂ, ಅದೇ ಊರಿನ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯವೂ ಇವೆ. ಎರಡಕ್ಕೂ ಸೇರಿ ಪೂರ್ತಿ ಒಂದು ದಿನ ಇಟ್ಟುಕೊಳ್ಳಿ, ಹೊರಡುವ ಮುನ್ನ ವಾರದ ರಜೆ ವಿಚಾರಿಸಿ. ಛಾವು ಕುಣಿತವನ್ನು ಅದರ ನೆಲದಲ್ಲೇ ನೋಡಲು ಚೈತ್ರ ಪರ್ವದ ಹೊತ್ತಿಗೆ, ಅಂದರೆ ಏಪ್ರಿಲ್ ನಡುವಿಗೆ ಹೋಗಬೇಕು. ಆಟ ರಾತ್ರಿಯದು. ಹಗಲಿಗೆ ಚರಿದಾಕ್ಕೆ ಹೋದರೆ ಅಲ್ಲಿನ ಅಂಗಡಿಗಳ ಮುಂದೆ ಮುಖವಾಡ ಬಿಸಿಲಿಗಿಟ್ಟಿರುತ್ತಾರೆ. ಕೊಳ್ಳುವುದಾದರೆ ತಿರುಗಿಸಿ ಒಳಗಡೆ ನೋಡಿ: ಕಣ್ಣಿನ ತೂತು ಸಾಕಷ್ಟಿದ್ದು, ಕಟ್ಟಲು ದಾರದ ಜಾಗ ಇದ್ದರೆ ಅದು ಕುಣಿತಕ್ಕೆ ಮಾಡಿದ್ದು; ಇಲ್ಲದಿದ್ದರೆ ಗೋಡೆಗೆ ಮಾಡಿದ್ದು, ಬೆಲೆಯನ್ನು ಅದಕ್ಕೆ ತಕ್ಕಂತೆ ಕೇಳಿ.